ತಾಮ್ರದ ತಂತಿ ಬೆಳ್ಳಗಾದದ್ದು

ಅಕ್ಕೋರಿಗೆ ಸಿಟ್ಟು ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹೋದ ತಿಂಗಳು ನಮ್ಮ ಹೈಸ್ಕೂಲಿನಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದ ಐದು ಮಂದಿಯೂ ಅವರನ್ನು ಶಾಂತ ಸ್ವಭಾವದವರು, ಮಿತಭಾಷಿ, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಸತ್ತವರು ಎದ್ದು ಬಂದು ತಿದ್ದುವುದಿಲ್ಲ ಎಂಬ ಧೈರ್ಯ. ಅಧ್ಯಕ್ಷತೆ ವಹಿಸಿದವರು ಶಾಲಾ ಕಮಿಟಿಯ ಹಿರಿಯ ಸದಸ್ಯರು, ಅಂಕೋಲೆ ಪೇಟೆಯಲ್ಲಿ ಫ್ಯಾನ್ಸಿ ಅಂಗಡಿ ಇಟ್ಟವರು. ಫೋಟೋಕ್ಕೆ ಮಾಲೆ ಹಾಕಿ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ನನಗೆ ಎದ್ದು ಆ ಮಾಲೆ ಕಿತ್ತೆಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಕನ್ನಡ ಕಲಿಸುವ ನಾನೂ ಅಕ್ಕೋರೇ. ಆದರೆ ನಮ್ಮ ಶಾಲೆಯಲ್ಲಿ ಹೆಸರು ಹಿಡಿಯದೆ ಬರೀ 'ಅಕ್ಕೋರು' ಎಂದರೆ ವಿಜ್ಞಾನದ ಅಕ್ಕೋರು ಒಬ್ಬರೇ. ಎತ್ತರದ, ಒಣಕಲು ಮೈ. ಗಂಜಿ ಹಾಕಿದ ಹತ್ತಿ ಸೀರೆ, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ್ದು. ಆಸಿಡ್ ತಾಗಿ ಹಳದಿಗಟ್ಟಿದ ಬೆರಳ ತುದಿಗಳು. ಬಣ್ಣ ಕಪ್ಪು. ಯಾರಾದರೂ ನಾಜೂಕು ಮಾಡಿ 'ಎಣ್ಣೆಗೆಂಪು' ಎಂದರೆ ಅವರೇ ತಡೆಯುತ್ತಿದ್ದರು: "ಎಣ್ಣೆ ಯಾಕೆ ಮಧ್ಯ? ಕಪ್ಪು ಅನ್ನು. ಬಾಯಿ ಸುಡೂದಿಲ್ಲ."

ಕಾರವಾರದ ಕೋಡಿಬಾಗದಲ್ಲಿ ತಂಗಿಯ ಸಂಸಾರದ ಜತೆ ಇದ್ದರು. ದಿನಾ ಬೆಳಿಗ್ಗೆ ಅಂಕೋಲೆ ಬಸ್ಸು. ನಾನು ಅಮದಳ್ಳಿಯಲ್ಲಿ ಹತ್ತುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು. ಅಕ್ಕೋರು ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟು ನನಗಾಗಿ ಕಾದಿಟ್ಟಿರುತ್ತಿದ್ದರು. ಆ ಚೀಲದಲ್ಲಿ ಊಟದ ಡಬ್ಬಿ, ಕೊಡೆ, ಒಂದು ಭೂತಗನ್ನಡಿ. ಕನ್ನಡಿ ಯಾವ ಪ್ರಯೋಗಕ್ಕೂ ಅಲ್ಲ, ಡಬ್ಬಿಗಳ ಮೇಲಿನ ಸಣ್ಣ ಅಕ್ಷರ ಓದಲಿಕ್ಕೆ. ಅಂಗಡಿಯಲ್ಲಿ ಸೋಪು ಕೊಂಡರೂ, ಸೊಳ್ಳೆಬತ್ತಿ ಕೊಂಡರೂ ಅಲ್ಲೇ ನಿಂತು ಕನ್ನಡಿ ಹಿಡಿದು ಓದುವರು. ಹಿಂದೆ ನಿಂತ ಗಿರಾಕಿಗಳು ಗೊಣಗಿದರೆ, "ಅರ್ಜೆಂಟಿದ್ರೆ ಓದದೆ ತಿನ್ನಿ, ಓದದೆ ಹಚ್ಕೊಳ್ಳಿ" ಎನ್ನುವರು.

ಒಮ್ಮೆ ನಮ್ಮ ಮನೆಗೆ ಬಂದಿದ್ದರು. ನನ್ನ ಮಗಳಿಗೆ ಆಗ ಎರಡು ತಿಂಗಳು. ಕೂಸಿನ ಬಟ್ಟೆ ತೆಗೆಯಲೆಂದು ಕಪಾಟು ತೆರೆದೆ. ನುಸಿಗುಳಿಗೆಯ ವಾಸನೆ ಬಂತು. ಅಕ್ಕೋರು ಚಹಾದ ಲೋಟ ಕೆಳಗಿಟ್ಟು ಎದ್ದು ಬಂದು ಆ ಬಿಳಿ ಗುಳಿಗೆಗಳನ್ನೆಲ್ಲ ಹೆಕ್ಕಿ ಕಿಟಕಿಯಿಂದ ಆಚೆ ಬೀಸಿದರು.

"ಜಿರಳೆ ಸಾಯೂ ವಸ್ತು ಕೂಸಿನ ಮೈಗೆ ಸುತ್ತೂದಾ? ಕೆಲವು ಮಕ್ಕಳ ರಕ್ತ ಇದರಿಂದ ಒಡೆದು ಹೋಗ್ತದೆ. ನಿನ್ನ ಕೂಸು ಅಂಥಾದ್ದಾ ಅಲ್ವಾ ಗೊತ್ತುಂಟಾ ನಿಂಗೆ?"

ನಮ್ಮ ಅತ್ತೆ ಮುಖ ದಪ್ಪ ಮಾಡಿಕೊಂಡು ಒಳಗೆ ಹೋದರು. ನನಗೂ ಬೇಜಾರಾಯಿತು. ಮನೆಗೆ ಬಂದವರು ಹೀಗೆ ಮಾತಾಡುವುದೇ? ಆದರೆ ಆ ರಾತ್ರಿಯೇ ಕೂಸಿನ ಅಷ್ಟೂ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದೆ.

ಶಾಲೆಯ ಪಾಯಖಾನೆ ತೊಳೆಯುವ ಪ್ಯೂನ್ ಒಂದು ಶನಿವಾರ ಹೆಚ್ಚು ಬೆಳ್ಳಗಾಗಲೆಂದು ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿದುಬಿಟ್ಟಿದ್ದ. ಹಳದಿ ಹೊಗೆ ಎದ್ದಿತು. ಅಕ್ಕೋರು ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ನುಗ್ಗಿ ಅವನನ್ನು ಅಂಗಿ ಹಿಡಿದು ಹೊರಗೆಳೆದರು. ಅವನು ಗೋಳಿಮರದ ಕೆಳಗೆ ಕೂತು ತಾಸುಗಟ್ಟಲೆ ಕೆಮ್ಮಿದ. ಹೆಡ್‌ಮಾಸ್ತರರು, "ಬಾಟ್ಲಿ ಮೇಲೆ ಬರ್ದಿರ್ತದಲ್ಲ, ಅವ ನೋಡ್ಬೇಕಾಗಿತ್ತು" ಎಂದರು. ಅಕ್ಕೋರು ಆ ಬಾಟಲಿಯನ್ನು ಅವರ ಮೇಜಿನ ಮೇಲೆ ಕುಕ್ಕಿ ಭೂತಗನ್ನಡಿ ಕೈಗೆ ಕೊಟ್ಟರು.

"ಓದಿ ಸರ್. ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಏಳನೇ ಇಯತ್ತೆ ಓದಿದವ ಇದನ್ನ ಓದ್ಬೇಕಾ? ಇದು ಅವನನ್ನ ಉಳಿಸೂಕೆ ಬರೆದದ್ದಲ್ಲ. ಮಾಡಿದವ ತನ್ನನ್ನ ಉಳಿಸ್ಕೊಳ್ಳೂಕೆ ಬರೆದದ್ದು."

ತಪ್ಪು ಮಾಡಿದ್ದೂ ಇದೆ. ಅವರ್ಸೆಯ ದೇವಸ್ಥಾನದ ಹೊರಗೆ ಕುಂಕುಮ ಮಾರುವ ಮುದುಕಿಯೊಬ್ಬಳಿಗೆ ಜನರ ಎದುರೇ "ಇದರಲ್ಲಿ ಸೀಸ ಉಂಟು" ಎಂದುಬಿಟ್ಟಿದ್ದರು. ತಂದು ಪರೀಕ್ಷಿಸಿದರೆ ಸೀಸ ಇರಲಿಲ್ಲ. ಮರುದಿನ ದಾರಿಯಲ್ಲೇ ಬಸ್ಸು ಇಳಿದು, ಅದೇ ಜಾಗದಲ್ಲಿ, ಹಾಗೆಯೇ ಜನರೆದುರು ಕೈಮುಗಿದು, "ಅಜ್ಜೀ, ನಾನು ಸುಳ್ಳು ಹೇಳಿದೆ. ನಿನ್ನ ಕುಂಕುಮ ಚೊಕ್ಕ ಅದೆ" ಎಂದು ಎರಡು ಪೊಟ್ಟಣ ಕೊಂಡು ಬಂದರು. ಶಾಲೆಗೆ ತಡವಾಗಿ ಬಂದು ಅರ್ಧ ದಿನದ ರಜೆ ಬರೆದುಕೊಟ್ಟರು.

ಈಗ ನಾಗವೇಣಿಯ ವಿಷಯ. ಇದನ್ನು ಹೇಳದೆ ಅಕ್ಕೋರ ಬಗ್ಗೆ ಬರೆಯುವುದೆಂದರೆ ನಾನೂ ಆ ಐದು ಮಂದಿಯ ಸಾಲಿಗೆ ಸೇರಿದ ಹಾಗೆ.

ಎರಡು ಸಾವಿರದ ಮೂರನೆಯ ಇಸವಿಯೋ ನಾಲ್ಕನೆಯದೋ ಇರಬೇಕು. ನಾಗವೇಣಿ ಹತ್ತನೆಯ ಇಯತ್ತೆಯಲ್ಲಿದ್ದಳು. ಬೇಲೆಕೇರಿ ಬದಿಯ ಹುಡುಗಿ. ತಂದೆ ದೋಣಿಗೆ ಹೋಗುವವನು, ತಾಯಿ ಅಂಕೋಲೆ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುವವಳು. ಹುಡುಗಿ ಒಳ್ಳೆಯ ನೃತ್ಯಗಾತಿ. ಶಾಲೆಯ ವಾರ್ಷಿಕೋತ್ಸವಕ್ಕೆ, ಅಂದರೆ ಗ್ಯಾದರಿಂಗ್‌ಗೆ, ಹುಡುಗಿಯರ ನೃತ್ಯ ಕಲಿಸುವ ಜವಾಬ್ದಾರಿ ಪ್ರತಿವರ್ಷ ನನ್ನದೇ. ಚೌತಿ ಮುಗಿದ ಮೇಲೆ ಆಯ್ಕೆ ಮಾಡಿದೆ. ಹೆಜ್ಜೆಯಲ್ಲಿ ನಾಗವೇಣಿಯನ್ನು ಮೀರಿಸುವವರು ಇರಲಿಲ್ಲ. ಆದರೂ ಅವಳನ್ನು ಹಿಂದಿನ ಸಾಲಿಗೆ ಹಾಕಿದೆ. ಕಾರಣವನ್ನೂ ಹೇಳಿದೆ, ನಗುತ್ತಲೇ ಹೇಳಿದೆ: "ಲೈಟ್ ಬಿದ್ದಾಗ ನೀನು ಕಾಣೂದಿಲ್ಲ ಮಾರಾಯ್ತಿ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಅವಳು ನಕ್ಕಳಲ್ಲ, ಹಾಗಾಗಿ ನನ್ನ ಮಾತು ನನಗೆ ಚುಚ್ಚುಮಾತಾಗಿ ಕೇಳಿಸಲಿಲ್ಲ.

ದೀಪಾವಳಿ ರಜೆ ಮುಗಿಸಿ ಬಂದ ನಾಗವೇಣಿಯ ಮುಖ ಬೆಳ್ಳಗಾಗತೊಡಗಿತ್ತು. ಕುತ್ತಿಗೆ ಕಪ್ಪು, ಮುಖ ಬೆಳ್ಳಗೆ. ತಿಂಗಳೊಪ್ಪತ್ತಿನಲ್ಲಿ ಗುರುತು ಸಿಗದಷ್ಟು. ಶಿಕ್ಷಕರ ಕೋಣೆಯಲ್ಲೂ ಅದೇ ಮಾತು. ನಾನು ಅವಳನ್ನು ಕರೆದು, "ಏನ್ ಹಚ್ತೀಯೇ?" ಎಂದು ಕೇಳಿದೆ. ಪೇಟೆಯ ಫ್ಯಾನ್ಸಿ ಅಂಗಡಿಯಲ್ಲಿ ಸಿಗುವ, ಗೋವಾ ಕಡೆಯಿಂದ ಬರುವ ಪರದೇಶದ ಕ್ರೀಮು ಎಂದಳು. ನಾನು ಅವಳನ್ನು ಮುಂದಿನ ಸಾಲಿನ ನಡುವಿಗೆ ತಂದು ನಿಲ್ಲಿಸಿದೆ. ಸಂಜೆ ಬಸ್ಸಿಗೆ ಮೊದಲು ಅದೇ ಅಂಗಡಿಗೆ ಹೋಗಿ ನನಗೊಂದು ಡಬ್ಬಿ ಕೊಂಡೆ.

ಗ್ಯಾದರಿಂಗ್‌ನಲ್ಲಿ ಅವಳು ಚೆನ್ನಾಗಿ ಕುಣಿದಳು. ಬಹುಮಾನ ಕೊಟ್ಟವರು ಆ ಅಂಗಡಿಯ ಯಜಮಾನರೇ.

ಫೆಬ್ರವರಿಯಲ್ಲಿ ಅವಳ ಕಣ್ಣಿನ ರೆಪ್ಪೆ ಬೆಳಿಗ್ಗೆ ಊದಿಕೊಳ್ಳತೊಡಗಿತು. ನಿದ್ದೆಗೆಟ್ಟು ಓದುತ್ತಾಳೆಂದುಕೊಂಡೆವು. ಆಮೇಲೆ ಕಾಲು ಊದಿತು, ಚಪ್ಪಲಿ ಹಿಡಿಸದಷ್ಟು. ಮೂತ್ರ ಸೋಪಿನ ನೀರಿನಂತೆ ನೊರೆ. ಅಂಕೋಲೆಯ ಡಾಕ್ಟರು ಕಾರವಾರಕ್ಕೆ ಕಳಿಸಿದರು, ಅಲ್ಲಿಂದ ಹುಬ್ಬಳ್ಳಿಗೆ. ಕಿಡ್ನಿಯಲ್ಲಿ ತೊಂದರೆ, ಮೈಯ ಸತ್ವವೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿದೆ ಎಂದರು. ಯಾಕೆ ಎಂದು ಅವರಿಗೂ ಗೊತ್ತಾಗಲಿಲ್ಲ. ಗುಳಿಗೆ ಬರೆದು, ಉಪ್ಪು ಬಿಡಿಸಿ, ಮನೆಗೆ ಕಳಿಸಿದರು. ಏನು ತಿಂದೆ, ಏನು ಕುಡಿದೆ ಎಂದು ಎಲ್ಲರೂ ಕೇಳಿದ್ದರು. ಮುಖಕ್ಕೆ ಏನು ಹಚ್ಚುತ್ತೀಯ ಎಂದು ಕೇಳುವುದು ಒಬ್ಬರಿಗೂ ಹೊಳೆದಿರಲಿಲ್ಲ.

ಅಕ್ಕೋರು ಪಾಠದ ಟಿಪ್ಪಣಿ ಕೊಡಲೆಂದು ಅವಳ ಮನೆಗೆ ಹೊರಟರು, ನನ್ನನ್ನೂ ಕರೆದರು. ನಾಗವೇಣಿ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ಊದಿದ ಮುಖ ಬಿಳಿ ಹಿಟ್ಟಿನ ಮುದ್ದೆಯಂತಿತ್ತು. ಗೋಡೆಯ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಬಂಗಾರದ ಬಣ್ಣದ ಮುಚ್ಚಳದ ಡಬ್ಬಿ. ಅಕ್ಕೋರು ಅದನ್ನು ಕೈಗೆತ್ತಿಕೊಂಡು ಕನ್ನಡಿ ಹಿಡಿದರು. ನಮಗೆ ಯಾರಿಗೂ ಓದಲು ಬಾರದ ಯಾವುದೋ ಲಿಪಿ.

"ಹೆಂ ಕಿತೆಂ?" ಎಂದರು. ಸಿಟ್ಟು ಬಂದರೆ ಅವರ ಬಾಯಿಗೆ ಮನೆಯ ಕೊಂಕಣಿಯೇ ಮೊದಲು ಬರುತ್ತಿತ್ತು. ಆಮೇಲೆ ಕನ್ನಡದಲ್ಲಿ, "ಇದೆಂತದು ಮಗಾ? ಎಷ್ಟು ದಿನ ಆಯ್ತು ಹಚ್ಚೂಕೆ ಹಿಡಿದು?"

ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ.

"ಚೌತಿ ಆದ್ಮೇಲೆ, ಅಕ್ಕೋರೆ. ದಿನಾ ಎಲ್ಡ್ ಸಲ."

"ಈಗ್ಲೂ?"

"ಈಗ್ಲೂ."

ಮರುದಿನ ಮಧ್ಯಾಹ್ನ ಪ್ರಯೋಗಾಲಯದ ಕಿಟಕಿಗಳನ್ನೆಲ್ಲ ತೆರೆದು ಅಕ್ಕೋರು ಪರೀಕ್ಷೆ ಮಾಡಿದರು. ನಾನು ಪಕ್ಕದಲ್ಲಿದ್ದೆ. ಒಂದು ಪ್ರನಾಳದಲ್ಲಿ ಆ ಕ್ರೀಮು, ಇನ್ನೊಂದರಲ್ಲಿ ಅವರು ಚಳಿಗಾಲದಲ್ಲಿ ಹಚ್ಚುವ ಸಾದಾ ಕ್ರೀಮು. ಎರಡಕ್ಕೂ ಆಸಿಡ್ ಹಾಕಿ, ಉಜ್ಜಿ ಹೊಳೆಯಿಸಿದ ತಾಮ್ರದ ತಂತಿಯ ತುಂಡು ಬಿಟ್ಟು ಕಾಯಿಸಿದರು. ತೆಗೆದಾಗ ಸಾದಾ ಕ್ರೀಮಿನ ತಂತಿ ಹಾಗೆಯೇ ಕೆಂಪಗಿತ್ತು. ಇನ್ನೊಂದು ಬೂದಿಬಣ್ಣಕ್ಕೆ ತಿರುಗಿತ್ತು. ತೊಳೆದು ಹತ್ತಿಯಿಂದ ಉಜ್ಜಿದರು. ಬೆಳ್ಳಿಯ ಹಾಗೆ ಹೊಳೆಯಿತು. ಅದೇ ತಂತಿಯನ್ನು ಕಿಟಕಿಯ ಅಂಚಿನಲ್ಲಿ ಸ್ಪಿರಿಟ್ ದೀಪದ ಉರಿಗೆ ಒಡ್ಡಿದಾಗ ಬೆಳ್ಳಿ ಹಾರಿಹೋಗಿ ಮತ್ತೆ ತಾಮ್ರ ಕಂಡಿತು.

"ಪಾದರಸ" ಎಂದರು ಅಕ್ಕೋರು. "ತಂತಿ ಹೆಂಗೆ ಬೆಳ್ಳಗಾಯ್ತೋ ನೋಡ್ದ್ಯಾ? ಸುಂದರಿ ಆಯ್ತು."

ಮೂರು ಸಲ ಮಾಡಿ ನೋಡಿದರು. ಮೂರು ಸಲವೂ ಅದೇ.

ನಾಗವೇಣಿಯ ತಾಯಿಯನ್ನು ಮೀನುಪೇಟೆಯಿಂದಲೇ ಕರೆಸಿದರು. ಆಕೆ ಕೈಯ ಮೀನಿನ ವಾಸನೆಗೆ ಸಂಕೋಚಪಟ್ಟು ಬಾಗಿಲಲ್ಲೇ ನಿಂತಳು. ಅಕ್ಕೋರು ಕೈಹಿಡಿದು ಒಳಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಎಲ್ಲವನ್ನೂ ಮತ್ತೊಮ್ಮೆ ಮಾಡಿ ತೋರಿಸಿದರು.

"ಪಾದರಸ ಅಂದ್ರೆ ಜ್ವರ ನೋಡೂ ಕಡ್ಡೀಲಿ ಇರೂದಾ, ಅಕ್ಕೋರೆ?"

"ಅದೇ. ಮುಖದಿಂದ ಒಳಗೆ ಹೋಗ್ತದೆ. ಕಿಡ್ನೀಲಿ ಕೂರ್ತದೆ."

ಆಕೆ ತಂತಿಯ ಹತ್ತಿರ ಬಗ್ಗಿದಳು. "ನಾನೇ ತಂದ್ ಕೊಟ್ಟೆ. 'ಅವ್ವೀ, ನನ್ನ ಹಿಂದೆ ನಿಲ್ಲಿಸ್ದ್ರು' ಹೇಳಿ ಕೂಸು ಊಟ ಬಿಟ್ಟಿತ್ತು. ನಾನೇ ತಂದ್ ಕೊಟ್ಟೆ. ನಾನೇ ವಿಷ ಹಾಕ್ದೆ ನನ್ನ ಕೂಸಿಗೆ."

"ನೀ ಹಾಕಿದ್ದಲ್ಲ" ಎಂದರು ಅಕ್ಕೋರು. ದನಿ ಏರಿತು. "'ವಿಷ' ಹೇಳಿ ಬರೆದಿದ್ರಾ ಅದರ ಮೇಲೆ? ಬರ್ದಿದ್ರೆ ತರ್ತಿದ್ಯಾ? ಮಾಡ್ದವಗೆ ಗೊತ್ತುಂಟು. ಬರೀಲಿಲ್ಲ. ಮಾರ್ದವ ಕೇಳ್ಲಿಲ್ಲ. ಅಳಬೇಡ. ಎದ್ದೇಳು, ಹೋಗುವಾ."

'ಹಿಂದೆ ನಿಲ್ಲಿಸಿದ್ದು' ಯಾರು ಎಂದು ಅಕ್ಕೋರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇಬ್ಬರೂ ನೇರ ಅಂಗಡಿಗೆ ಹೋದರು. ನಾನು ಹಿಂದೆ ಹೋದೆ. ಸಂತೆಯ ದಿನ, ಅಂಗಡಿಯ ಮುಂದೆ ಜನ. ಅಕ್ಕೋರು ಡಬ್ಬಿಯನ್ನು ಗಾಜಿನ ಮೇಲಿಟ್ಟು, ಇದರಲ್ಲಿ ಪಾದರಸ ಉಂಟು, ಒಂದು ಹುಡುಗಿ ಹಾಸಿಗೆ ಹಿಡಿದಿದ್ದಾಳೆ, ಇವತ್ತೇ ಎಲ್ಲ ಡಬ್ಬಿ ಕೆಳಗಿಳಿಸಿ ಎಂದರು. ಯಜಮಾನರು ನಕ್ಕರು.

"ಅಕ್ಕೋರೆ, ನಾ ಮಾಡಿದ್ದಲ್ಲ, ಮಾರೂದಷ್ಟೆ. ಸೆಕೆಂಡ್ ಡಬ್ಬಿ, ಥರ್ಡ್ ಡಬ್ಬಿ ಹೇಳಿ ಜನ ಕೇಳ್ಕಂಡ್ ಬರ್ತಾರೆ. ಯಾರಿಗೂ ಏನೂ ಆಗ್ಲಿಲ್ಲ. ಆ ಹುಡುಗಿಗೆ ಮೊದ್ಲೇ ಏನೋ ಇದ್ದಿರ್ತದೆ."

ನಾಗವೇಣಿಯ ತಾಯಿ ಮುಚ್ಚಳ ತಿರುಗಿಸಿ ತೆಗೆದಳು. ಡಬ್ಬಿಯನ್ನು ಅವರ ಮುಖದ ಹತ್ತಿರ ಹಿಡಿದಳು.

"ಹಚ್ಕಳಿ ಒಡೆಯಾ. ಈಗ, ನನ್ನೆದುರಿಗೆ. ಏನೂ ಆಗೂದಿಲ್ಲಲ್ಲ? ನಿಮ್ಮ ಮಗಳ ಕರೀರಿ, ಅವಳಿಗೂ ನಾನೇ ಹಚ್ತೆ."

ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು. ಹಿಂದಿನ ಕಪಾಟು ತಾಗಿತು. ಆ ಎರಡು ಹೆಜ್ಜೆಗಳನ್ನು ಸಂತೆಗೆ ಬಂದ ಜನರೆಲ್ಲ ನೋಡಿದರು. ಅವರಿಗೆ ಗೊತ್ತಿತ್ತು ಎಂಬುದು ನನಗೆ ಆಗ ಖಾತ್ರಿಯಾಯಿತು. ಪೂರ್ತಿ ಗೊತ್ತಿರಲಿಕ್ಕಿಲ್ಲ, ಮಗಳನ್ನು ದೂರ ಇಡುವಷ್ಟು ಗೊತ್ತಿತ್ತು.

ಅಕ್ಕೋರು ಔಷಧ ನಿಯಂತ್ರಣ ಕಚೇರಿಗೆ ದೂರು ಬರೆದರು. ಮಾದರಿಯನ್ನೂ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದರು. ಶಾಲೆಯ ಪ್ರಯೋಗಾಲಯದ ಪರೀಕ್ಷೆಗೆ ಮಾನ್ಯತೆ ಇಲ್ಲ, ಖರೀದಿಯ ಬಿಲ್ಲು ಲಗತ್ತಿಸಿ ಎಂದು ಉತ್ತರ ಬಂತು. ಅಂಗಡಿಯವರು ಬಿಲ್ಲು ಕೊಡುವ ಪೈಕಿಯಲ್ಲ. "ಬಿಲ್ಲಿಲ್ಲ, ಹಾಗಾಗಿ ಪಾದರಸವೂ ಇಲ್ಲ" ಎಂದರು ಅಕ್ಕೋರು, ಆ ಕಾಗದವನ್ನು ನಾಲ್ಕಾಗಿ ಮಡಚುತ್ತಾ. ಹುಬ್ಬಳ್ಳಿಯ ಡಾಕ್ಟರಿಗೆ ಪತ್ರ ಬರೆದು, ಬೆಳ್ಳಗಾದ ಇನ್ನೊಂದು ತಂತಿಯನ್ನು ಶೀಶೆಯಲ್ಲಿ ಮುಚ್ಚಿ, ರಜೆ ಹಾಕಿ ತಾವೇ ನಾಗವೇಣಿಯ ಜತೆ ಹೋದರು. ಡಾಕ್ಟರು ಒಳ್ಳೆಯವರು. ಓದಿದರು, ಎದ್ದು ನಿಂತರು, ಹುಡುಗಿಯ ಮೂತ್ರವನ್ನು ಬೇರೆ ಊರಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿಂದಲೂ ಪಾದರಸ ಎಂದೇ ಬಂತು. ಅಷ್ಟರಲ್ಲಿ ಅಕ್ಕೋರ ಮಾತಿನಂತೆ ಕ್ರೀಮು ಬಿಟ್ಟಾಗಿತ್ತು. ಕಾಲಿನ ಬಾವು ಇಳಿಯತೊಡಗಿತ್ತು.

ಹುಡುಗಿ ಬದುಕಿದಳು. ಆದರೆ ಆ ವರ್ಷದ ಪರೀಕ್ಷೆ ಹೋಯಿತು, ಮುಂದಿನ ವರ್ಷ ಕಟ್ಟಿ ಪಾಸಾದಳು. ಈಗ ತಾಯಿಯ ಪಕ್ಕದಲ್ಲಿ ಅವಳದೇ ಬುಟ್ಟಿ ಇದೆ. ಅವಳ ಬಣ್ಣ ಅವಳಿಗೆ ಮರಳಿ ಬಂದಿದೆ. ಬೆಳಗಿನ ಗುಳಿಗೆ ಮಾತ್ರ ಇನ್ನೂ ಬಿಟ್ಟಿಲ್ಲ. ನೋಡಲು ಬಂದ ಎರಡು ಮನೆಯವರು 'ಕಿಡ್ನಿ ಹುಡುಗಿ' ಎಂದು ಹಿಂದೆ ಹೋದರು. ಕ್ರೀಮು ಮಾಡಿದವನ ಹೆಸರು ಇವತ್ತಿಗೂ ನಮಗೆ ಗೊತ್ತಿಲ್ಲ.

ಆ ವರ್ಷವೇ, ಮಾರ್ಚ್ ಮೊದಲ ವಾರ, ಅಕ್ಕೋರಿಗೆ ಕಮಿಟಿಯಿಂದ ಮೆಮೊ ಬಂದಿತ್ತು. ಶಾಲೆಯ ರಾಸಾಯನಿಕಗಳನ್ನು ಪಠ್ಯೇತರ ಉದ್ದೇಶಕ್ಕೆ ಬಳಸಿದ್ದು, ಗೌರವಾನ್ವಿತ ಸದಸ್ಯರ ವ್ಯಾಪಾರಕ್ಕೆ ಧಕ್ಕೆ ತಂದದ್ದು. ಅಕ್ಕೋರು ಬರೆದ ಉತ್ತರ ನನಗೆ ಬಾಯಿಪಾಠವಾಗಿದೆ: "ಪಾದರಸದ ಪಾಠ ನಮ್ಮ ಪುಸ್ತಕದಲ್ಲಿ ಇದೆ. ಅದು ಮಕ್ಕಳ ಮುಖದ ಮೇಲೆ ಇರಬಾರದು ಎಂಬುದು ಪಠ್ಯೇತರವೆಂದು ನನಗೆ ತಿಳಿದಿರಲಿಲ್ಲ." ಸಭೆ ಕರೆದರು. ಯಜಮಾನರು, ಹುಡುಗಿ ಕ್ರೀಮು ಹಚ್ಚುತ್ತಿದ್ದಳು ಎಂಬುದಕ್ಕೇ ಪುರಾವೆ ಏನು, ಶಾಲೆಯಲ್ಲಿ ಯಾರಾದರೂ ಕಂಡವರಿದ್ದಾರೆಯೇ ಎಂದು ಕೇಳಿದರು. ಹೆಡ್‌ಮಾಸ್ತರರು ಸುತ್ತ ನೋಡಿದರು. ಅವಳ ಬಾಯಿಂದಲೇ ಕೇಳಿ ತಿಳಿದಿದ್ದ ನಾನು ಮೇಜಿನ ಮೇಲಿನ ಗೆರೆ ನೋಡುತ್ತ ಕೂತಿದ್ದೆ. ಅದೇ ಡಬ್ಬಿ ನನ್ನ ಕಪಾಟಿನಲ್ಲಿ, ಸೀರೆಗಳ ಹಿಂದೆ ಇತ್ತು. ಪರೀಕ್ಷೆ ಕಣ್ಣಾರೆ ನೋಡಿದ ಮೇಲೆ ಹಚ್ಚುವುದನ್ನು ಬಿಟ್ಟಿದ್ದೆ. ಬಿಸಾಡಿರಲಿಲ್ಲ. ಅಕ್ಕೋರಿಗೆ ಒಂದು ವರ್ಷದ ವೇತನಬಡ್ತಿ ತಡೆದರು.

ಮರುದಿನ ಬಸ್ಸಿನಲ್ಲಿ ಎಂದಿನ ಹಾಗೆ ಸೀಟಿನ ಮೇಲೆ ಚೀಲ ಇತ್ತು. ನನ್ನನ್ನು ಕಂಡು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ನನಗೆ ಕೂರಲು ಆಗಲಿಲ್ಲ; ಕಂಬಿ ಹಿಡಿದು ನಿಂತೇ ಎಲ್ಲ ಹೇಳಿದೆ. ಹಿಂದಿನ ಸಾಲು, ಲೈಟಿನ ಮಾತು, ಮುಂದಿನ ಸಾಲು, ಡಬ್ಬಿ. ಕ್ಷಮಿಸುತ್ತಾರೆ ಎಂದುಕೊಂಡಿದ್ದೆ.

"ನಂಗೆ ಹೇಳಿ ನೀ ಹಗುರ ಆದಿ" ಎಂದರು ಅಕ್ಕೋರು. "ನಾ ಎಂತ ಮಾಡ್ಲಿ ಅದನ್ನ? ಎಲ್ಲಿ ಆ ಮಾತು ಹೇಳಿದ್ಯೋ ಅಲ್ಲೇ ಹೋಗಿ ಹೇಳು. ಅಂಗಡಿಯವ ಡಬ್ಬಿ ಮಾರ್ದ. ಅದು ಬೇಕು ಅನ್ನಿಸಿದ್ದು ನೀನು."

ಅಷ್ಟು ಸಿಟ್ಟು ನನ್ನ ಮೇಲೆ ಯಾರೂ ಮಾಡಿರಲಿಲ್ಲ. ಅದರಷ್ಟು ನ್ಯಾಯವಾದದ್ದನ್ನೂ ನನಗೆ ಯಾರೂ ಹೇಳಿರಲಿಲ್ಲ.

ಅದರ ಮರುದಿನ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಎರಡನೆಯ ತಾಸು ಒಂಬತ್ತನೆಯ ಇಯತ್ತೆ. ಹಿಂದಿನ ಸಾಲಿನಲ್ಲಿ ಕುಣಿದಿದ್ದ ಹುಡುಗಿಯರು ಹೆಚ್ಚಿನವರು ಅಲ್ಲೇ ಇದ್ದರು. ಪುಸ್ತಕ ತೆರೆಯಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಾಗವೇಣಿಗೆ ನಾನು ಏನು ಹೇಳಿದ್ದೆ, ಯಾಕೆ ಹಿಂದೆ ನಿಲ್ಲಿಸಿದೆ, ಯಾಕೆ ಮುಂದೆ ಕರೆದೆ, ನಾನೂ ಏನು ಹಚ್ಚಿದೆ, ಮೊನ್ನೆ ಸಭೆಯಲ್ಲಿ ಯಾಕೆ ಬಾಯಿ ಮುಚ್ಚಿಕೊಂಡೆ ಎಂದು ಒಂದೊಂದಾಗಿ ಹೇಳಿದೆ.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಕಂಪಾಸ್ ಪೆಟ್ಟಿಗೆ ತೆರೆದು ಸಣ್ಣ ಪ್ಲಾಸ್ಟಿಕ್ ಕರಡಿಗೆ ತೆಗೆದು ಮೇಜಿನ ಮೇಲೆ, ನನ್ನ ಡಬ್ಬಿಯ ಪಕ್ಕ ಇಟ್ಟಳು. ಮನೆಯ ಡಬ್ಬಿಯಿಂದ ಕದ್ದು ತುಂಬಿಕೊಂಡದ್ದು, ಮಧ್ಯಾಹ್ನ ಹಚ್ಚಲಿಕ್ಕೆ. ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ನಾನು ಒಬ್ಬಳನ್ನು ಓಡಿಸಿ ಅಕ್ಕೋರನ್ನು ಕರೆಸಿದೆ.

ಅವರು ಬಾಗಿಲಲ್ಲಿ ನಿಂತು ಮೇಜು ನೋಡಿದರು. ಮುಖ ಸಡಿಲವಾಗಲಿಲ್ಲ. ನನ್ನ ಬೆನ್ನು ತಟ್ಟಲಿಲ್ಲ. ಒಳಗೆ ಬಂದು ಸೀಮೆಸುಣ್ಣದ ತುಂಡು ಎತ್ತಿಕೊಂಡು ಬೋರ್ಡಿನ ಹತ್ತಿರ ನಿಂತರು.

"ಇಲ್ಲಿ ಬಂದದ್ದು ಮೂರು" ಎಂದರು ನನಗೆ. "ಮನೆಯಲ್ಲಿ ಎಷ್ಟುಂಟು? ಕೇಳು."

ನಾನು ಕೇಳಿದೆ. ಕೈಗಳು ಏಳತೊಡಗಿದವು. ಅಕ್ಕೋರು ಹಲ್ಲು ಕಚ್ಚಿಕೊಂಡು ಕೈಗೊಂದರಂತೆ ಬೋರ್ಡಿನ ಮೇಲೆ ಗೆರೆ ಎಳೆಯತೊಡಗಿದರು.